ಚಮಕಾ ನೂಲಿನಿಂದ ವ್ಯಾನ್ ಗೋವರೆಗೆ: ಸ್ಯಾಮ್ಯುಯಲ್ ಕೋರ್ಟೋಲ್ಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ, ಇಳಕಲ್, ಗುಳೇದಗುಡ್ಡದ ಕಡೆ ಚಿತ್ರಕಲೆ ಬಗ್ಗೆ ಮಾತಿಗೆ ಕೂತಾಗಲೆಲ್ಲ ನಾನು ಈ ಇಂಗ್ಲಿಷ್ ಸಾವುಕಾರನ ಕಥೆ ತೆಗೆಯುತ್ತೇನೆ. ಗೆಳೆಯರಿಗೆ ಅದು ಬಾಯಿಪಾಠವಾಗಿ, ಈಗ ನಾನು ಬಾಯಿ ತೆರೆಯುವ ಮೊದಲೇ ಚಹಾ ಕುಡಿಯಲು ಎದ್ದು ಹೋಗುತ್ತಾರೆ. ಹೊಸಬರು ಮಾತ್ರ ಕೂತು ಕೇಳುತ್ತಾರೆ. ಅವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಒಮ್ಮೆ ಬರೆದಿಟ್ಟರೆ ಆಯಿತಲ್ವಾ ಅಂತ ಕೂತೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ.

ಯಾರ್ರೀ ಈ ಕೋರ್ಟೋಲ್ಡ್?

ಸ್ಯಾಮ್ಯುಯಲ್ ಕೋರ್ಟೋಲ್ಡ್ ಇಂಗ್ಲೆಂಡಿನ ಬಟ್ಟೆ ಗಿರಣಿ ಮನೆತನದವನು. ಹುಟ್ಟಿದ್ದು 1876ರಲ್ಲಿ, ಎಸೆಕ್ಸ್ ಜಿಲ್ಲೆಯ ಬ್ರೇನ್‌ಟ್ರೀ ಹತ್ತಿರ. ತೀರಿಕೊಂಡಿದ್ದು 1947ರ ಡಿಸೆಂಬರ್‌ನಲ್ಲಿ, ಲಂಡನ್ನಿನಲ್ಲಿ. 1921ರಿಂದ 1946ರವರೆಗೆ ಮನೆತನದ ಕಂಪನಿಗೆ ಅಧ್ಯಕ್ಷ. ಅದೇ ಹೊತ್ತಿನಲ್ಲಿ ಫ್ರಾನ್ಸಿನ ಹೊಸ ಚಿತ್ರಕಾರರ ಕೆಲಸವನ್ನು ಕೊಂಡು ಕೂಡಿಸಿದ. ಆಮೇಲೆ ಹೆಚ್ಚಿನದನ್ನು ಊರಿಗೆ ಕೊಟ್ಟುಬಿಟ್ಟ. ಲಂಡನ್ನಿನ ಕೋರ್ಟೋಲ್ಡ್ ಗ್ಯಾಲರಿ, ಕೋರ್ಟೋಲ್ಡ್ ಇನ್‌ಸ್ಟಿಟ್ಯೂಟ್ ಎರಡೂ ಇವನ ಹೆಸರಿನವು.

ಇದೇ ಹೆಸರಿನ ಇನ್ನೊಬ್ಬ ಇದ್ದಾನೆ, ಗೊಂದಲ ಬೇಡ. ಕಂಪನಿ ಕಟ್ಟಿದ ದೊಡ್ಡ ಸ್ಯಾಮ್ಯುಯಲ್ 1793ರಲ್ಲಿ ಹುಟ್ಟಿದವನು. ನಮ್ಮವನಿಗೆ ಅವನು ಅಜ್ಜನ ಅಣ್ಣತಮ್ಮಂದಿರಲ್ಲಿ ಒಬ್ಬ. ಅಜ್ಜನ ಹೆಸರು ಮೊಮ್ಮಗನಿಗೆ ಇಡೋದು ನಮ್ಮಲ್ಲೂ ಇದೆಯಲ್ಲ.

ಹೆಸರು ಹೇಳೋದು ಹೆಂಗೆ?

ಕೋರ್ಟ್, ಓಲ್ಡ್. ಎರಡನ್ನೂ ಕೂಡಿಸಿ ಹೇಳಿ. ಮೂಲದಲ್ಲಿ ಫ್ರೆಂಚ್ ಮನೆತನ. ಫ್ರಾನ್ಸಿನಲ್ಲಿ ಪ್ರಾಟೆಸ್ಟಂಟರಿಗೆ ಕಿರುಕುಳ ಜಾಸ್ತಿಯಾದಾಗ, 17ನೇ ಶತಮಾನದ ಕೊನೆಗೆ ಲಂಡನ್ನಿಗೆ ಬಂದವರು. ಬಂದ ಮೇಲೆ ಮೂರು ತಲೆಮಾರು ಬೆಳ್ಳಿ ಕೆಲಸ ಮಾಡಿದರು. ನೂಲಿಗೆ ಕೈಹಾಕಿದ್ದು ಅದರ ನಂತರ.

ಲಂಡನ್ ಸಾವುಕಾರಗೂ ಇಳಕಲ್ಲಿಗೂ ಏನು ಸಂಬಂಧ?

ಇಳಕಲ್ ಸೀರೆಯ ದಡಿ ಮತ್ತು ಸೆರಗಿನಲ್ಲಿ ಹೊಳೆಯುವ ನೂಲು ಇರುತ್ತದಲ್ಲ. ಅದು ಎಲ್ಲ ಸೀರೆಯಲ್ಲೂ ಅಸಲಿ ರೇಷ್ಮೆ ಅಲ್ಲ. ಕಡಿಮೆ ಬೆಲೆಯ ಸೀರೆಗೆ ಹಾಕುವುದು ಚಮಕಾ. ಅಂಗಡಿಯವರು ಇದನ್ನೇ ಆರ್ಟ್ ಸಿಲ್ಕ್ ಅನ್ನುತ್ತಾರೆ. ಆರ್ಟ್ ಅಂದರೆ ಇಲ್ಲಿ ಕಲೆ ಅಲ್ಲ. ಆರ್ಟಿಫಿಶಿಯಲ್ ಎಂಬುದರ ಮೊಟಕು ಅಷ್ಟೇ. ಇದರ ಇನ್ನೊಂದು ಹೆಸರು ರೇಯಾನ್. ಈ ನೂಲನ್ನು ದೊಡ್ಡ ಪ್ರಮಾಣದಲ್ಲಿ ತೆಗೆದು ಶ್ರೀಮಂತವಾದದ್ದು ಕೋರ್ಟೋಲ್ಡ್ ಕಂಪನಿ. ಆರ್ಟ್ ಸಿಲ್ಕ್ ಮಾರಿದ ಹಣದಲ್ಲಿ ಆರ್ಟ್ ಕೊಂಡವನು ಈತ! ಈ ಮಾತಿಗೆ ಇಳಕಲ್ಲಿನವರು ಒಮ್ಮೆಯಾದರೂ ನಗುತ್ತಾರೆ.

ಚಮಕಾ ಯಾವುದು, ರೇಷ್ಮೆ ಯಾವುದು ಅಂತ ನೋಡುವ ಬಗೆಯನ್ನು ನಮ್ಮ ಮನೆಯ ಪಕ್ಕದ ನೇಕಾರ ಅಜ್ಜ ನನಗೆ ತೋರಿಸಿದ್ದರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಬದಿಯಲ್ಲಿ ಬಿದ್ದಿದ್ದ ಎರಡು ತುಂಡು ನೂಲು ಆರಿಸಿದರು. ಎರಡೂ ಕೆಂಪು, ಎರಡೂ ಹೊಳಪು. ಕಡ್ಡಿ ಗೀರಿ ಒಂದಕ್ಕೆ ಹಿಡಿದರು. ಕೂದಲು ಸುಟ್ಟ ವಾಸನೆ ಬಂತು, ನೂಲು ಮುದುಡಿ ಕರೀ ಗುಳಿಗೆಯಾಯಿತು. ಅದು ರೇಷ್ಮೆ. ಇನ್ನೊಂದು ಭಗ್ ಅಂತ ಹತ್ತಿ ಉರಿಯಿತು. ಕಾಗದ ಸುಟ್ಟ ವಾಸನೆ. ಬೆರಳಲ್ಲಿ ಉಜ್ಜಿದರೆ ಬರೀ ಬೂದಿ. "ಇದು ಹುಳದ್ದಲ್ಲ, ಗಿಡದ್ದು" ಅಂದರು. ಆಮೇಲೆ ಲಾಳಿ ಎಸೆಯತೊಡಗಿದರು. ರಸಾಯನಶಾಸ್ತ್ರದ ಪಾಠ ನನಗೆ ಅಷ್ಟು ಚೆನ್ನಾಗಿ ತಿಳಿದದ್ದು ಅದೊಂದೇ ಸಲ.

ಇಷ್ಟು ರೊಕ್ಕ ಎಲ್ಲಿಂದ ಬಂತ್ರಿ?

ಎರಡು ಕಂತಿನಲ್ಲಿ ಬಂತು. ಮೊದಲನೆಯದು ಸಾವಿನಿಂದ.

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಮನೆಯಲ್ಲಿ ಯಾರಾದರೂ ಸತ್ತರೆ ಹೆಂಗಸರು ಕಪ್ಪು ಬಟ್ಟೆ ಉಡಬೇಕಿತ್ತು. ಅದೂ ಹೊಳೆಯದ, ನಿರಿಗೆ ನಿರಿಗೆಯಾದ ಕ್ರೇಪ್ ಎಂಬ ರೇಷ್ಮೆ ಬಟ್ಟೆ. ಸತ್ತವರು ಎಷ್ಟು ಹತ್ತಿರದವರೋ ಅಷ್ಟು ದಿನ ಉಡಬೇಕು. ಗಂಡ ಸತ್ತರೆ ವರ್ಷಗಟ್ಟಲೆ. 1861ರಲ್ಲಿ ಗಂಡನನ್ನು ಕಳೆದುಕೊಂಡ ರಾಣಿ 1901ರಲ್ಲಿ ತಾನು ಸಾಯುವತನಕ ಕಪ್ಪು ಬಿಡಲಿಲ್ಲ. ಆಕೆಯನ್ನು ನೋಡಿ ಉಳಿದವರೂ ಉಟ್ಟರು. ಕ್ರೇಪ್ ನೇಯುವುದರಲ್ಲಿ ಕೋರ್ಟೋಲ್ಡ್ ಗಿರಣಿಗಳದ್ದೇ ಮೇಲುಗೈ. ಊರೆಲ್ಲ ಅತ್ತರೆ ಗಿರಣಿ ತುಂಬಿತು ಅನ್ನಬೇಕು.

19ನೇ ಶತಮಾನದ ಕೊನೆಗೆ ಈ ಪದ್ಧತಿ ಸಡಿಲವಾಯಿತು. ವ್ಯಾಪಾರ ಬಿತ್ತು. ಆಗ ಎರಡನೇ ಕಂತು ಶುರು. 1904ರಲ್ಲಿ ಕಂಪನಿ ರೇಯಾನ್ ನೂಲು ತೆಗೆಯುವ ವಿಸ್ಕೋಸ್ ಎಂಬ ಹೊಸ ವಿಧಾನದ ಬ್ರಿಟಿಷ್ ಹಕ್ಕನ್ನು 25,000 ಪೌಂಡಿಗೆ ಕೊಂಡಿತು. ಕಾವೆಂಟ್ರಿ ಊರಲ್ಲಿ ಕಾರ್ಖಾನೆ ಹಾಕಿತು. ಇಲ್ಲೊಂದು ಮಾತು ಖಡಾಖಂಡಿತ ಹೇಳಬೇಕು: ಆ ಬುದ್ಧಿ ನಮ್ಮ ಸ್ಯಾಮ್ಯುಯಲ್‌ನದಲ್ಲ. ಹಟ ಹಿಡಿದು ಮಾಡಿಸಿದವನು ಹೆನ್ರಿ ಟೆಟ್ಲಿ ಎಂಬ ನಿರ್ದೇಶಕ. 1910ರಲ್ಲಿ ಅಮೆರಿಕದಲ್ಲೂ ಅಮೆರಿಕನ್ ವಿಸ್ಕೋಸ್ ಕಂಪನಿ ಎದ್ದಿತು. ಲಾಭ ಹೊಳೆಯಾಗಿ ಹರಿದದ್ದು ಅಲ್ಲಿಂದ. ಟೆಟ್ಲಿ 1921ರಲ್ಲಿ ತೀರಿಕೊಂಡ. ಕುರ್ಚಿ ಸ್ಯಾಮ್ಯುಯಲ್‌ಗೆ ಬಂತು.

ಗಿಡದಿಂದ ನೂಲು ತೆಗೆಯೋದು ಹೇಗೆ?

ಮರದ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸುತ್ತಾರೆ. ಕಾರ್ಬನ್ ಡೈಸಲ್ಫೈಡ್ ಸೇರಿಸುತ್ತಾರೆ. ಅದು ಕಿತ್ತಳೆ ಬಣ್ಣದ, ಜೇನಿನಂಥ ಅಂಟು ದ್ರವವಾಗುತ್ತದೆ. ಸಣ್ಣ ಸಣ್ಣ ತೂತಿನ ಬಿಲ್ಲೆಯಿಂದ ಅದನ್ನು ಸಲ್ಫ್ಯೂರಿಕ್ ಆಸಿಡ್ ನೀರಿಗೆ ಒತ್ತುತ್ತಾರೆ. ಮನೆಯಲ್ಲಿ ಶ್ಯಾವಿಗೆ ಒತ್ತುತ್ತೇವಲ್ಲ, ಆ ಥರ. ಆಸಿಡ್ ತಾಗಿದ ಕೂಡಲೇ ಗಟ್ಟಿಯಾಗಿ ಎಳೆ ಆಗುತ್ತದೆ. ಅಲ್ಲಿಗೆ ಮುಗಿಯಿತು. ನಮ್ಮ ರಾಜ್ಯದಲ್ಲೂ ಹರಿಹರದ ಹತ್ತಿರ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ವಿಸ್ಕೋಸ್ ನಾರಿನ ಕಾರ್ಖಾನೆ ಇದೆ.

ಅಷ್ಟು ಆಸಿಡ್ ನಡುವೆ ಕೆಲಸ ಮಾಡಿದವರ ಗತಿ?

ಈ ಪ್ರಶ್ನೆ ಕೇಳುವವರು ಯಾವಾಗಲೂ ನೇಕಾರರ ಮನೆಯವರೇ. ಕಾರ್ಬನ್ ಡೈಸಲ್ಫೈಡ್ ಗಾಳಿ ಉಸಿರಿಗೆ ಹೋದರೆ ನರ ಹಾಳಾಗುತ್ತವೆ. ಕೈಕಾಲು ಜೋಮು ಹಿಡಿಯುತ್ತದೆ, ತಲೆಯೂ ಕೆಡುತ್ತದೆ. ನೂಲು ತೆಗೆಯುವ ಕೋಣೆಯ ಗಾಳಿಗೆ ಕಣ್ಣು ಉರಿದು ಬಾತುಕೊಳ್ಳುತ್ತವೆ. ಬೇರೆ ಬೇರೆ ದೇಶಗಳ ವಿಸ್ಕೋಸ್ ಕಾರ್ಖಾನೆಗಳಲ್ಲಿ ಇದು ಆಗಿದೆ. ಈ ರಸಾಯನ ಕೆಟ್ಟದ್ದು ಅಂತ 19ನೇ ಶತಮಾನದಲ್ಲೇ, ರಬ್ಬರ್ ಕೆಲಸಗಾರರನ್ನು ನೋಡಿ, ಫ್ರಾನ್ಸಿನ ವೈದ್ಯರು ಬರೆದಿದ್ದರು. ಹಾಗಾಗಿ ಗ್ಯಾಲರಿಯ ಗೋಡೆ ನೋಡುವಾಗ ಆ ಕೋಣೆಯನ್ನೂ ನೆನೆಯುವುದು ತಪ್ಪಲ್ಲ. ನಾನಂತೂ ಎರಡನ್ನೂ ಒಟ್ಟಿಗೇ ಹೇಳುತ್ತೇನೆ. ಕೆಲವರಿಗೆ ಕಥೆ ಕೆಟ್ಟಿತು ಅನಿಸುತ್ತದೆ. ಅನಿಸಲಿ.

ಈತನಿಗೆ ಮಗ್ಗ ಗೊತ್ತಿತ್ತಾ, ಇಲ್ಲಾ ಸುಮ್ನೆ ಅಪ್ಪನ ಆಸ್ತಿನಾ?

ಗೊತ್ತಿತ್ತು. ರಗ್ಬಿ ಶಾಲೆಯಲ್ಲಿ ಓದಿದ. ಕಾಲೇಜಿಗೆ ಹೋಗಲಿಲ್ಲ. ಅದರ ಬದಲು ಜರ್ಮನಿಯ ಕ್ರೆಫೆಲ್ಡ್, ಫ್ರಾನ್ಸಿನ ಲಿಯಾನ್, ಈ ಎರಡು ರೇಷ್ಮೆ ಊರುಗಳಿಗೆ ನೇಯ್ಗೆ ಕಲಿಯಲು ಕಳಿಸಿದರು. ಬಂದವನು ಎಸೆಕ್ಸಿನ ಗಿರಣಿಯಲ್ಲಿ ಕೆಲಸಕ್ಕೆ ನಿಂತ. 1908ರ ಹೊತ್ತಿಗೆ ನೇಯ್ಗೆ ಗಿರಣಿಗಳೆಲ್ಲ ಅವನ ಉಸ್ತುವಾರಿಗೆ ಬಂದವು. ವಾರಸುದಾರ ಹೌದು, ಗಾದಿ ಮೇಲೆ ಕೂತು ಬರೀ ಲೆಕ್ಕ ಕೇಳಿದವನಲ್ಲ.

ಚಿತ್ರದ ಹುಚ್ಚು ಹಿಡಿದದ್ದು ಯಾವಾಗ?

ತಡವಾಗಿ. 1901ರಲ್ಲಿ ಎಲಿಜಬೆತ್ ಎಂಬಾಕೆಯನ್ನು ಮದುವೆಯಾದ. ಹೊಸ ಜೋಡಿ ಇಟಲಿಗೆ ಹೋಯಿತು. ಹಳೇ ಚಿತ್ರಗಳಿಗೆ ಜೀವ ಇದೆ ಅಂತ ಆಗ ಮೊದಲ ಸಲ ಅನಿಸಿತಂತೆ. ಆಮೇಲೆ 1917ರಲ್ಲಿ ಲಂಡನ್ನಿನ ಟೇಟ್ ಗ್ಯಾಲರಿಯಲ್ಲಿ ಹ್ಯೂ ಲೇನ್ ಎಂಬ ಕಲಾ ವ್ಯಾಪಾರಿ ಕೂಡಿಸಿದ್ದ ಫ್ರೆಂಚ್ ಚಿತ್ರಗಳನ್ನು ನೋಡಿದ. 1922ರಲ್ಲಿ ಇನ್ನೊಂದು ಪ್ರದರ್ಶನದಲ್ಲಿ ಸೆಜಾನ್ ಎಂಬ ಫ್ರೆಂಚ್ ಚಿತ್ರಕಾರನ ಚಿತ್ರದ ಮುಂದೆ ನಿಂತ. ಅದೇ ವರ್ಷ ಕೊಳ್ಳಲು ಶುರು ಮಾಡಿದ. ಆಗ ವಯಸ್ಸು 46. ನಮ್ಮಲ್ಲಿ ಆ ವಯಸ್ಸಿಗೆ ಮಗಳ ಮದುವೆ, ಮನೆ ಸ್ಲ್ಯಾಬ್ ಬಿಟ್ಟು ಬೇರೆ ಯೋಚನೆ ಇರೋದಿಲ್ಲ.

ಅಷ್ಟೇ ಬೇಗ ನಿಲ್ಲಿಸಿದ ಕೂಡ. ಹೆಚ್ಚಿನ ಖರೀದಿ ಎಲ್ಲ 1922ರಿಂದ 1929ರ ಒಳಗೇ ಆಯಿತು. ಏಳೆಂಟು ವರ್ಷ, ಅಷ್ಟೇ. ಪರ್ಸಿ ಮೂರ್ ಟರ್ನರ್ ಎಂಬ ವ್ಯಾಪಾರಿ ಸಲಹೆ ಕೊಡುತ್ತಿದ್ದ. ಆದರೆ ಕೊನೆಯ ಮಾತು ಇವನದೇ.

ಏನೇನು ಕೊಂಡ?

ಮನೆ, ರೆನ್ವಾ, ದೆಗಾ, ಸೆಜಾನ್, ಸೆರಾ, ಗೊಗ್ಯಾನ್, ವ್ಯಾನ್ ಗೋ. ಮೊದಲನೆಯ 'ಮನೆ' ನಮ್ಮ ಮನೆ ಅಲ್ಲ, ಎಡ್ವರ್ಡ್ ಮನೆ ಎಂಬ ಚಿತ್ರಕಾರ. ಇದನ್ನು ಹೇಳದಿದ್ದರೆ ಪ್ರತಿ ಸಲ ಎಡವಟ್ಟು ಆಗುತ್ತದೆ.

ವ್ಯಾನ್ ಗೋ ಕಿವಿ ಕೊಯ್ದುಕೊಂಡ ಮೇಲೆ, 1889ರ ಜನವರಿಯಲ್ಲಿ, ತನ್ನ ಮುಖವನ್ನು ತಾನೇ ಬರೆದುಕೊಂಡ ಚಿತ್ರ ಇದರಲ್ಲಿದೆ. ತಲೆಗೆ ತುಪ್ಪಳದ ಟೋಪಿ, ಕಿವಿಗೆ ಬಿಳೀ ಪಟ್ಟಿ, ಮೈಮೇಲೆ ಹಸಿರು ಕೋಟು. ಹಿಂದೆ ಗೋಡೆಗೆ ಜಪಾನಿನ ಚಿತ್ರವೊಂದು ನೇತುಹಾಕಿದೆ. ಕೋಣೆಯೊಳಗೂ ಕೋಟು ತೆಗೆದಿಲ್ಲ ನೋಡಿ, ಅಷ್ಟು ಚಳಿ. ಸೆಜಾನನ ಇಸ್ಪೀಟು ಆಡುವವರು, ಸೇಂಟ್ ವಿಕ್ಟೋರ್ ಗುಡ್ಡ ಇವೆ. ರೆನ್ವಾನ ನಾಟಕ ಮಂದಿರದ ಜೋಡಿ ಇದೆ. ಎಡ್ವರ್ಡ್ ಮನೆ ಬರೆದ ಬಾರ್ ಚಿತ್ರವೂ ಇದೆ. ಇಸ್ಪೀಟಿನವರನ್ನು ನೋಡಿದಾಗ ನನಗೆ ನಮ್ಮೂರ ಗುಡಿ ಕಟ್ಟೆ ನೆನಪಾಗುತ್ತದೆ. ಯಾರೂ ಮಾತಾಡುವುದಿಲ್ಲ. ಎಲೆ ಮೇಲೇ ಕಣ್ಣು.

ಆ ಬಾರ್ ಚಿತ್ರದಲ್ಲಿ ಅಂಥದ್ದೇನಿದೆ?

ಇದಕ್ಕೆ ಸ್ವಲ್ಪ ಕೂತು ಹೇಳಬೇಕು. ಚಿತ್ರದ ಹೆಸರು ಫೋಲಿ ಬೆರ್ಜೇರಿನ ಬಾರ್. ಫೋಲಿ ಬೆರ್ಜೇರ್ ಅಂದರೆ ಪ್ಯಾರಿಸಿನ ಆಟ-ಹಾಡಿನ ಮಂದಿರ. ಮನೆ ಇದನ್ನು ಮುಗಿಸಿದ್ದು 1882ರಲ್ಲಿ. ಮರುವರ್ಷ ತೀರಿಕೊಂಡ. ಕೋರ್ಟೋಲ್ಡ್ ಕೊಂಡದ್ದು 1926ರಲ್ಲಿ.

ಒಬ್ಬ ಹುಡುಗಿ ಅಮೃತಶಿಲೆಯ ಕಟ್ಟೆಗೆ ಎರಡೂ ಕೈ ಊರಿ ನಿಂತಿದ್ದಾಳೆ. ಕಪ್ಪು ರವಿಕೆ, ಎದೆಗೆ ಹೂ. ಮುಂದೆ ಬಾಟಲಿಗಳು, ಗಾಜಿನ ಬಟ್ಟಲಲ್ಲಿ ಕಿತ್ತಳೆ, ಲೋಟದಲ್ಲಿ ಎರಡು ಗುಲಾಬಿ. ಆಕೆ ನಮ್ಮ ಕಡೆ ನೋಡುತ್ತಿದ್ದಾಳೆ, ಆದರೆ ನಮ್ಮನ್ನು ನೋಡುತ್ತಿಲ್ಲ. ದಿನವಿಡೀ ಗಿರಾಕಿ ನೋಡಿ ದಣಿದ ಕಣ್ಣು ಅದು. ಜಾತ್ರೆಯಲ್ಲಿ ರಾತ್ರಿ ಹನ್ನೊಂದಕ್ಕೆ ಬಳೆ ಅಂಗಡಿಯಲ್ಲಿ ನಿಂತ ಹುಡುಗಿಯ ಮುಖ ನೋಡಿದ್ದೀರಲ್ವಾ, ಅದೇ.

ಆಕೆಯ ಹಿಂದೆ ಇಡೀ ಗೋಡೆ ಕನ್ನಡಿ. ತಮಾಷೆ ಇರುವುದು ಅಲ್ಲೇ. ಕನ್ನಡಿಯಲ್ಲಿ ಆಕೆಯ ಬೆನ್ನು ನೇರ ಹಿಂದೆ ಕಾಣಬೇಕು. ಆದರೆ ಬಲಕ್ಕೆ ಸರಿದಿದೆ. ಅಲ್ಲೊಬ್ಬ ಟೊಪ್ಪಿಗೆಯ ಗಂಡಸು ಮುಖಕ್ಕೆ ಮುಖ ಕೊಟ್ಟು ನಿಂತಿದ್ದಾನೆ. ಈಚೆ ಕಡೆ ಆತ ಇಲ್ಲ. ಹಾಗಾದರೆ ಆತ ನಿಂತ ಜಾಗದಲ್ಲಿ ಯಾರಿದ್ದಾರೆ? ನೋಡುತ್ತಿರುವ ನೀವು. ಇನ್ನು ಎಡಗಡೆ ಮೇಲ್ತುದಿಯಲ್ಲಿ ಎರಡು ಸಣ್ಣ ಹಸಿರು ಬೂಟು ಕಾಣುತ್ತವೆ. ಸರ್ಕಸ್ ಉಯ್ಯಾಲೆ ಮೇಲೆ ಕೂತವರ ಕಾಲು. ಉಳಿದ ಮೈ ಚೌಕಟ್ಟಿನ ಆಚೆ. ಊರೆಲ್ಲ ಆಟ ನೋಡುತ್ತಿದ್ದರೆ ಚಿತ್ರಕಾರನಿಗೆ ಕಂಡದ್ದು ಕೆಲಸದ ಹುಡುಗಿ. ತನ್ನ ಸಹಿಯನ್ನೂ ಮೂಲೆಯಲ್ಲಿ ಹಾಕಿಲ್ಲ. ಎಡಗಡೆಯ ಬಾಟಲಿಯ ಚೀಟಿ ಮೇಲೆ ಬರೆದಿದ್ದಾನೆ.

ವ್ಯಾನ್ ಗೋನ ಸೂರ್ಯಕಾಂತಿ ಇವನದೇನಾ?

ಇವನ ಮನೆಯಲ್ಲಿ ಇರಲಿಲ್ಲ, ಇವನ ಹಣದಿಂದ ಬಂದದ್ದು. 1923ರಲ್ಲಿ ಟೇಟ್ ಗ್ಯಾಲರಿಗೆ 50,000 ಪೌಂಡ್ ಕೊಟ್ಟ. ಹೊಸ ಫ್ರೆಂಚ್ ಚಿತ್ರಗಳನ್ನು ದೇಶಕ್ಕಾಗಿ ಕೊಳ್ಳಲು. ಅಲ್ಲಿಯವರೆಗೆ ಇಂಗ್ಲಿಷ್ ಜನರಿಗೆ ಇವು ಅಂದರೆ ನಗೆಪಾಟಲು. 1910ರಲ್ಲಿ ರೋಜರ್ ಫ್ರೈ ಎಂಬ ಕಲಾ ವಿಮರ್ಶಕ ಲಂಡನ್ನಿನಲ್ಲಿ ತೋರಿಸಿದಾಗ ಜನ ಬಂದು ಬೈದು ಹೋಗಿದ್ದರು. ಕೋರ್ಟೋಲ್ಡ್ ಹಣದಿಂದ 1924ರಲ್ಲಿ ಸೂರ್ಯಕಾಂತಿಯೂ ಸೆರಾ ಬರೆದ ಅನಿಯೇರಿನ ಸ್ನಾನದ ಚಿತ್ರವೂ ಬಂದವು. ಈಗ ಎರಡೂ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ.

ನನಗೆ ಈತ ಇಷ್ಟವಾಗುವುದು ಈ ವಿಷಯಕ್ಕೆ. ಮನೆಗೆ ಕೊಳ್ಳಲು ಶುರು ಮಾಡಿದ ಮರುವರ್ಷವೇ ಊರಿಗೂ ಕೊಳ್ಳಲು ಕೊಟ್ಟ. ಮುದುಕನಾದ ಮೇಲೆ ಪುಣ್ಯದ ಲೆಕ್ಕ ಹಾಕಿ ಕೊಟ್ಟದ್ದಲ್ಲ.

ಇದೆಲ್ಲ ಹೆಸರಿಗಾಗಿ ಅಲ್ವಾ?

ಹೆಸರು ಇದೆ, ಗೋಡೆ ಮೇಲೆ ದೊಡ್ಡದಾಗಿಯೇ ಇದೆ. ಆದರೆ ಬರೀ ಹೆಸರು ಬೇಕಿದ್ದರೆ ಜನ ನಗುವ ಚಿತ್ರಕ್ಕೆ ಹಣ ಸುರಿಯಬೇಕಿರಲಿಲ್ಲ. ಆಸ್ಪತ್ರೆಗೋ ಚರ್ಚಿಗೋ ಕೊಟ್ಟಿದ್ದರೆ ಮರುದಿನವೇ ಹಾರ ಬೀಳುತ್ತಿತ್ತು.

ಹೆಂಡತಿ ಏನಂದಳು?

ಆಕೆಯೇ ಒಂದು ಹೆಜ್ಜೆ ಮುಂದೆ. ಎಲಿಜಬೆತ್‌ಗೆ ಸಂಗೀತದ ಹುಚ್ಚು. 1929ರಲ್ಲಿ ಮ್ಯಾಲ್ಕಮ್ ಸಾರ್ಜೆಂಟ್ ಎಂಬ ಸಂಗೀತಗಾರನ ಜೊತೆ ಕಛೇರಿ ಸರಣಿ ಶುರು ಮಾಡಿದಳು. ಅಂಗಡಿ, ಆಫೀಸುಗಳಲ್ಲಿ ದುಡಿಯುವವರು ಗುಂಪಾಗಿ ಸೇರಿ ಕಡಿಮೆ ದರದಲ್ಲಿ ಟಿಕೆಟ್ ತೆಗೆಯಬಹುದಿತ್ತು. ಬೇಡಿಕೆ ಎಷ್ಟೆಂದರೆ ಒಂದೇ ಕಛೇರಿಯನ್ನು ಮರುದಿನ ಮತ್ತೆ ಮಾಡಬೇಕಾಗುತ್ತಿತ್ತು. 1931ರ ಕ್ರಿಸ್‌ಮಸ್ ದಿನ ಆಕೆ ತೀರಿಕೊಂಡಳು. ಸರಣಿ 1940ರವರೆಗೆ ನಡೆಯಿತು.

ಒಬ್ಬಳೇ ಮಗಳು, ಸಿಡ್ನಿ. ಅಳಿಯ ರ‍್ಯಾಬ್ ಬಟ್ಲರ್, ಇಂಗ್ಲೆಂಡಿನ 1944ರ ಶಿಕ್ಷಣ ಕಾಯ್ದೆ ತಂದ ಮಂತ್ರಿ. ಹುಟ್ಟಿದ್ದು ಆಗಿನ ನಮ್ಮ ದೇಶದ ಅಟಕ್‌ನಲ್ಲಿ. ಈಗ ಅದು ಪಾಕಿಸ್ತಾನ.

ಇನ್‌ಸ್ಟಿಟ್ಯೂಟ್ ಅಂದ್ರೆ ಚಿತ್ರ ಬರೆಯೋ ಶಾಲೆನಾ?

ಅಲ್ಲ. ಚಿತ್ರವನ್ನು ಓದಲು ಕಲಿಸುವ ಶಾಲೆ. ಯಾರು ಬರೆದರು, ಯಾವ ಕಾಲ, ಯಾಕೆ ಹಾಗೆ ಬರೆದರು ಎಂಬುದು ಪಾಠ. ಕಲಾಪ್ರೇಮಿಗಳಾದ ಲಾರ್ಡ್ ಲೀ, ರಾಬರ್ಟ್ ವಿಟ್ ಮತ್ತು ಕೋರ್ಟೋಲ್ಡ್ ಮೂವರೂ ಸೇರಿ 1932ರಲ್ಲಿ ತೆರೆದರು. ಶಾಲೆ ನಡೆದದ್ದು ಕೋರ್ಟೋಲ್ಡ್‌ನ ಸ್ವಂತ ಮನೆಯಲ್ಲಿ, ಪೋರ್ಟ್‌ಮನ್ ಚೌಕದ 20ನೇ ನಂಬರಿನ ಹೋಮ್ ಹೌಸ್‌ನಲ್ಲಿ. 18ನೇ ಶತಮಾನದಲ್ಲಿ ರಾಬರ್ಟ್ ಆಡಮ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಬಂಗಲೆ ಅದು. ಹೆಂಡತಿ ಹೋದ ಮೇಲೆ ಆ ಮನೆಯನ್ನೇ ಬಿಟ್ಟುಕೊಟ್ಟ. ಗೋಡೆ ಮೇಲಿನ ಚಿತ್ರಗಳಲ್ಲಿ ಬಹುಪಾಲನ್ನೂ ಕೊಟ್ಟ. ಇಟ್ಟುಕೊಂಡವುಗಳಲ್ಲಿ ಹಲವು ಅವನು ತೀರಿಕೊಂಡ ಮೇಲೆ ಮರಣಪತ್ರದ ಮೂಲಕ ಬಂದವು. ಹುಡುಗರು ಆ ಮನೆಯಲ್ಲಿ ಕೂತು ಪಾಠ ಕೇಳುತ್ತಿದ್ದರೆ ಎದುರಿಗೆ ಅಸಲಿ ಸೆಜಾನ್! ನಮ್ಮ ಡ್ರಾಯಿಂಗ್ ಮೇಷ್ಟ್ರು ಕ್ಯಾಲೆಂಡರ್ ಚಿತ್ರ ತೋರಿಸಿ ಕಲಿಸಿದ್ದನ್ನು ನೆನೆದು ಹೊಟ್ಟೆಕಿಚ್ಚಾಗುತ್ತದೆ.

ಅಲ್ಲಿ ಒಬ್ಬ ಗೂಢಚಾರ ಇದ್ದನಂತೆ?

ಇದ್ದ. 1947ರಿಂದ 1974ರವರೆಗೆ ಇನ್‌ಸ್ಟಿಟ್ಯೂಟಿನ ಮುಖ್ಯಸ್ಥ ಆಂಟನಿ ಬ್ಲಂಟ್ ರಷ್ಯಾಕ್ಕೆ ಗುಟ್ಟು ಕೊಟ್ಟವನು ಅಂತ 1979ರಲ್ಲಿ ಬಯಲಾಯಿತು. ಕೋರ್ಟೋಲ್ಡ್‌ಗೂ ಅದಕ್ಕೂ ಸಂಬಂಧ ಇಲ್ಲ.

ಮನೆಯಲ್ಲಿ ಲೀಮರ್ ಸಾಕಿದ್ದು ಇವನೇನಾ?

ಅದು ತಮ್ಮ ಸ್ಟೀಫನ್. ಎಲ್ಥಮ್ ಅರಮನೆಯನ್ನು ಹೊಸದಾಗಿ ಕಟ್ಟಿಸಿಕೊಂಡು ಇದ್ದವನು. ಲೀಮರ್ ಅಂದರೆ ಕೋತಿಯಂಥ ಪ್ರಾಣಿ. ಮಾ ಜಾಂಗ್ ಎಂಬ ಉದ್ದ ಬಾಲದ ಲೀಮರ್‌ಗೆ ಅಲ್ಲಿ ಬೇರೆ ಕೋಣೆಯೇ ಇತ್ತು. ಅಣ್ಣನ ಹಣ ಸೆಜಾನ್‌ಗೆ, ತಮ್ಮನ ಹಣ ಲೀಮರ್‌ಗೆ. ಒಂದೇ ಮನೆಯ ಮಕ್ಕಳು.

ಕಂಪನಿ ಏನಾಯ್ತು?

ಯುದ್ಧದ ಹೊತ್ತಿನಲ್ಲಿ ದೊಡ್ಡ ಪೆಟ್ಟು ಬಿತ್ತು. ಬ್ರಿಟನ್ನಿಗೆ ಅಮೆರಿಕದ ನೆರವು ಬೇಕಿತ್ತು. ನಿಮ್ಮ ಆಸ್ತಿ ಮೊದಲು ಮಾರಿ ಅಂತ ಒತ್ತಡ ಬಂತು. 1941ರ ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರ ಅಮೆರಿಕನ್ ವಿಸ್ಕೋಸ್ ಕಂಪನಿಯನ್ನು ಅಲ್ಲಿನ ಬ್ಯಾಂಕುಗಳಿಗೆ ಕಡಿಮೆ ಬೆಲೆಗೆ ಮಾರಿಸಿಬಿಟ್ಟಿತು. ಮೂಲ ಕಂಪನಿ ಮುಂದೆಯೂ ನಡೆಯಿತು. 1998ರಲ್ಲಿ ಅಕ್ಜೊ ನೊಬೆಲ್ ಕೊಂಡಿತು. ಗಿರಣಿ ಹೋಯಿತು, ಚಿತ್ರ ಉಳಿಯಿತು.

ನಮ್ಮ ಕಡೆ ಇಂಥವರು ಯಾಕಿಲ್ಲ?

ಕೊಡುವವರು ಇದ್ದರು. ಶಿರಸಂಗಿಯ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುಂಚೆ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜಿನ ಹೆಸರು ಅವರದೇ. ನಮ್ಮ ಕಡೆ ದಾನ ಅಂದರೆ ವಿದ್ಯೆ, ಅನ್ನ, ಗುಡಿ. ಬಟ್ಟೆ, ಚಿತ್ರ ಕೂಡಿಸಿ ಇಡುವುದು ದಾನ ಅಂತ ಯಾರಿಗೂ ಹೊಳೆಯಲಿಲ್ಲ. ವಿಜಯಪುರದ ಆದಿಲಶಾಹಿ ಕಾಲದ ಸಣ್ಣ ಚಿತ್ರಗಳಲ್ಲಿ ಹಲವನ್ನು ನೋಡಲು ಈಗ ಹೊರದೇಶದ ಮ್ಯೂಸಿಯಂಗಳಿಗೆ ಹೋಗಬೇಕು.

ಗುಜರಾತಿನಲ್ಲಿ ಹೊಳೆದಿತ್ತು. ಅಹಮದಾಬಾದಿನ ಕ್ಯಾಲಿಕೋ ಗಿರಣಿಯ ಸಾರಾಭಾಯಿ ಮನೆತನದ ಗೌತಮ್ ಮತ್ತು ತಂಗಿ ಗೀರಾ 1949ರಲ್ಲಿ ಬಟ್ಟೆಗಳದ್ದೇ ಮ್ಯೂಸಿಯಂ ಮಾಡಿದರು. ಗಿರಣಿ ಮುಚ್ಚಿ ಎಷ್ಟೋ ವರ್ಷ ಆಯಿತು. ಮ್ಯೂಸಿಯಂ ಇದೆ.

ಚಿತ್ರ ನೋಡಬೇಕಂದ್ರೆ ಎಲ್ಲಿ?

ಲಂಡನ್ನಿನ ಸೋಮರ್‌ಸೆಟ್ ಹೌಸ್, ಥೇಮ್ಸ್ ನದಿ ಪಕ್ಕ. ದುರಸ್ತಿಗೆ ಅಂತ 2018ರಲ್ಲಿ ಮುಚ್ಚಿ 2021ರ ನವೆಂಬರ್‌ನಲ್ಲಿ ಮತ್ತೆ ತೆರೆದರು. ಮಗಳೋ ಮಗನೋ ಅಲ್ಲಿ ಕೆಲಸಕ್ಕಿದ್ದರೆ, ಹೋದಾಗ ಒಂದು ಮಧ್ಯಾಹ್ನ ಇಟ್ಟುಕೊಳ್ಳಿ. ಸಣ್ಣ ಗ್ಯಾಲರಿ. ಕಾಲು ನೋಯುವ ಮೊದಲೇ ಮುಗಿಯುತ್ತದೆ.

ನಿಮ್ಮ ಮನೆಯಲ್ಲಿ ಹಳೇ ಇಳಕಲ್ ಸೀರೆ ಇವೆಯಾ? ನೋಡಬಹುದಾ?

ಇಲ್ಲ. ನಮ್ಮ ಆಯಿಯದು ಒಂದಿತ್ತು. ಕಪ್ಪು ಒಡಲು, ಕೆಂಪು ದಡಿ, ಸೆರಗಿಗೆ ಬಿಳೀ ಟೋಪ್ ತೆನಿ ವಿನ್ಯಾಸ. ಒಡಲಿನ ಹಾಸುನೂಲಿಗೂ ಸೆರಗಿನ ಹಾಸುನೂಲಿಗೂ ಎಳೆಗೆ ಎಳೆ ಸಿಕ್ಕಿಸಿ ಹಾಕಿದ ಕೊಂಡಿ ಬೆರಳಿಗೆ ಸಿಗುತ್ತಿತ್ತು. ನಾನು ಕಾಲೇಜಿಗೆ ಹೋಗಿದ್ದ ದಿನ ಓಣಿಗೆ ಪಾತ್ರೆ ಮಾರುವವಳು ಬಂದಳು. ಹಳೇ ಸೀರೆ ಕೊಟ್ಟರೆ ಸ್ಟೀಲ್ ಪಾತ್ರೆ. ಅವ್ವ ಆ ಸೀರೆ, ಮೇಲೆ ಎರಡು ಪ್ಯಾಂಟು ಕೊಟ್ಟು, ಚೌಕಾಶಿ ಮಾಡಿ ಮುಚ್ಚಳದ ಡಬ್ಬಿ ತಗೊಂಡಳು. ಒಳ್ಳೇ ವ್ಯಾಪಾರ ಅಂತ ಈಗಲೂ ಹೇಳುತ್ತಾಳೆ. ನೋಡೋದಿದ್ದರೆ ಬನ್ನಿ, ಡಬ್ಬಿ ಅಡುಗೆಮನೆಯಲ್ಲಿದೆ. ಅದರಲ್ಲಿ ಶೇಂಗಾ ಹಿಂಡಿ ಇಡುತ್ತೇವೆ.